ಕುಲುಮೆಯಲ್ಲಿ ಬಣ್ಣ ಕೂಗುವ ರಮ್ಯ

ಚಿನಕುರಳಿಯ ಆಚೆ, ಕಲ್ಲುಕೋರೆಯ ದಿಣ್ಣೆಯ ಮೇಲೆ, ಬೆಳಕು ಈಗಷ್ಟೇ ಹರಿಯುತ್ತಿದೆ. ಸೂರ್ಯ ಹುಟ್ಟಿಲ್ಲ. ಮೇಲುಕೋಟೆಯ ಬೆಟ್ಟ ದೂರದಲ್ಲಿ ಕಂಬಳಿ ಹೊದ್ದು ಕೂತ ಮುದುಕಿಯ ಹಾಗೆ ಮಸುಕಾಗಿ ಕಾಣುತ್ತಿದೆ. ತೆಂಗಿನ ಗರಿಯ ಚಪ್ಪರದ ಕೆಳಗೆ ಚಿಕ್ಕಬೋರಮ್ಮ ಕುಲುಮೆಯ ತಿದಿ ಒತ್ತುತ್ತಿದ್ದಾರೆ. ಅವರ ಗಂಡ ಚಿಕ್ಕಸ್ವಾಮಿ ಕೆಂಪಗೆ ಕಾದ ಉಳಿಯನ್ನು ಇಕ್ಕುಳದಲ್ಲಿ ಎತ್ತಿ, ನಾಲ್ಕು ಏಟು ಬಡಿದು, ತುದಿಯನ್ನಷ್ಟೇ ನೀರಿಗೆ ಅದ್ದುತ್ತಾರೆ. ಚುಂಯ್ ಎಂದು ಹಬೆ ಏಳುತ್ತದೆ. ತುದಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಮಗಳ ಮುಂದೆ ಹಿಡಿಯುತ್ತಾರೆ.

ಇಪ್ಪತ್ತರ ರಮ್ಯ ಬಗ್ಗಿ ನೋಡುತ್ತಾಳೆ. ಉಳಿಯ ಒಡಲಲ್ಲಿ ಉಳಿದ ಕಾವು ತುದಿಯ ಕಡೆಗೆ ಹರಿಯುವಾಗ ಉಕ್ಕಿನ ಮೈಮೇಲೆ ಒಂದರ ಬೆನ್ನಿಗೊಂದು ಬಣ್ಣ ಏಳುತ್ತದೆ.

"ಹುಲ್ಲು..." ಎನ್ನುತ್ತಾಳೆ, ಒಣಹುಲ್ಲಿನ ಹಳದಿ ಕಂಡು. "ಬೆಲ್ಲ..." ಆಮೇಲೆ, ದನಿ ಏರಿಸಿ, "ಬದನೆ ಹೂವು!"

ಮಾತು ಮುಗಿಯುವ ಮೊದಲೇ ಇಡೀ ಉಳಿ ನೀರಿನಲ್ಲಿರುತ್ತದೆ. ಬೆಲ್ಲದ ಬಣ್ಣಕ್ಕೇ ಅದ್ದಿಬಿಟ್ಟರೆ ಉಳಿ ಕಲ್ಲಿನ ಮೇಲೆ ಗಾಜಿನಂತೆ ಸಿಡಿಯುತ್ತದೆ. ಕಣ್ಣು ಮಿಟುಕಿಸುವಷ್ಟು ತಡವಾದರೆ ನವಿಲುಗತ್ತಿನ ನೀಲಿ ಬಂದು ತುದಿ ಮೆತ್ತಗಾಗುತ್ತದೆ. ನಡುವಿನ ಆ ತಿಳಿನೇರಳೆಯೇ ಕಲ್ಲುಕುಟಿಗನ ಉಳಿಗೆ ಸರಿಯಾದ ಹದ.

"ಕತ್ಲಲ್ಲಿ ಬಣ್ಣವೇ ಇರಾಕಿಲ್ಲ. ಬಿಸಿಲು ಬಿದ್ರೆ ಹೊಳಪು ಕಣ್ಣು ಕುಕ್ತದೆ. ಸೂರ್ಯ ಹುಟ್ಟೋಕೆ ಮುಂಚೆ ಈ ಒಂದು ಗಳಿಗೆನೇ ನಮ್ಗೆ ಸಿಕ್ಕೋದು," ಎನ್ನುತ್ತಾಳೆ ರಮ್ಯ. ಈ ಗಳಿಗೆಯಲ್ಲಿ ದಿನಕ್ಕೆ ನಲವತ್ತು ಉಳಿ ಮುಗಿಯಬೇಕು.

ಇನ್ನು ಒಂಬತ್ತು ದಿನ ಕಳೆದರೆ ಈ ದನಿ ಈ ಕುಲುಮೆಯಲ್ಲಿ ಕೇಳುವುದಿಲ್ಲ. ಟೂಲ್ ಡಿಸೈನ್ ಓದು ಮುಗಿಸಿದ ರಮ್ಯಳನ್ನು ಶ್ರೀರಂಗಪಟ್ಟಣದ ಆಚೆಯ ಕಾರ್ಖಾನೆಯೊಂದು ತನ್ನ ಟೂಲ್ ರೂಮಿಗೆ ಕರೆದಿದೆ. ಆಗಸ್ಟ್ ಒಂದರಿಂದ ಒಂದು ವರ್ಷ ಅಲ್ಲೇ ಉಳಿದು ತರಬೇತಿ. ಅವಳು ಹೋದ ಮೇಲೆ ಬಣ್ಣ ನೋಡುವವರು ಯಾರು? ಏಕೆಂದರೆ ಚಿಕ್ಕಸ್ವಾಮಿಯವರಿಗೆ ಕಾಣುವುದಿಲ್ಲ.

ಒಂಬತ್ತು ವರ್ಷದ ಹಿಂದೆ, ಎಂಬತ್ತೆಂಟರಲ್ಲಿ, ಕೋರೆಯಿಂದ ಹಾರಿದ ಚಕ್ಕೆಯೊಂದು ಅವರ ಎಡಗಣ್ಣನ್ನು ತೆಗೆದುಕೊಂಡು ಹೋಯಿತು. ಬಲಗಣ್ಣೂ ಕೆಲವೇ ವಾರಗಳಲ್ಲಿ ಮಂಜಾಯಿತು. ಕಾದ ಕಬ್ಬಿಣದ ಕೆಂಪು ಒಂದು ಮಬ್ಬು ಮುದ್ದೆಯಾಗಿ ಕಾಣುತ್ತದೆ, ಅಷ್ಟೇ. ಸುತ್ತಿಗೆಯನ್ನು ಕೈ ಮರೆತಿಲ್ಲ. ಆದರೆ ಉಕ್ಕಿನ ಮೇಲೆ ಸುಳಿದು ಹೋಗುವ ಆ ತೆಳುಬಣ್ಣಗಳು ಅವರ ಪಾಲಿಗೆ ಇಲ್ಲವಾದವು. ಅವರು ಹದ ಹಾಕಿದ ಉಳಿಗಳು ಸಿಡಿಯತೊಡಗಿದವು. ಕೋರೆಯವರು ಒಬ್ಬೊಬ್ಬರೇ ಬೇರೆ ಕುಲುಮೆ ಹುಡುಕಿಕೊಂಡರು.

ತಾಯಿ ನೋಡಿ ಹೇಳಬಾರದೇ ಎಂದರೆ ಚಿಕ್ಕಸ್ವಾಮಿ ನಗುತ್ತಾರೆ. "ಅವಳ್ನೂ ನಿಲ್ಲಿಸ್ದೆ. ಅವಳು 'ಅದೇನೋ ಒಂಥರಾ ಬತ್ತಾ ಅದೆ, ತಡಿ' ಅನ್ನೋದ್ರೊಳಗೆ ಉಳಿ ಬೆಂದು ಬೂದಿ!"

"ಹ್ಞೂಂ, ನಲವತ್ತೈದಕ್ಕೆ ಸೂಜಿಗೆ ದಾರ ಪೋಣ್ಸಾಕೇ ಕಾಣಾಕಿಲ್ಲ. ಇವ್ರ ಮಿಂಚುಹುಳನ ನಾ ಎಲ್ಲಿಂದ ಇಡೀಲಿ?" ಎಂದು ಚಿಕ್ಕಬೋರಮ್ಮ ತಿದಿಯನ್ನು ಇನ್ನಷ್ಟು ಜೋರಾಗಿ ಒತ್ತುತ್ತಾರೆ.

ಹನ್ನೊಂದು ವರ್ಷದ ಹುಡುಗಿ ಒಂದು ಬೆಳಿಗ್ಗೆ ಅಪ್ಪನ ಪಕ್ಕಕ್ಕೆ ಬಂದು ನಿಂತಳು. ಬಣ್ಣಗಳಿಗೆ ಹೆಸರು ಗೊತ್ತಿರಲಿಲ್ಲ. ಹಿತ್ತಿಲಲ್ಲಿ, ಅಡುಗೆಮನೆಯಲ್ಲಿ, ಗದ್ದೆ ಬದುವಿನಲ್ಲಿ ಕಂಡದ್ದನ್ನೇ ಹೆಸರಾಗಿ ಇಟ್ಟುಕೊಂಡಳು: ಹುಲ್ಲು, ಬೆಲ್ಲ, ಬದನೆ ಹೂವು, ನವಿಲುಗತ್ತು. ಬಿಟ್ಟು ಹೋಗಿದ್ದ ಉಳಿಗಳೆಲ್ಲ ಮಳೆಗಾಲ ಮುಗಿಯುವುದರೊಳಗೆ ಮರಳಿ ಬಂದವು.

ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳು ಸೇರಿದ್ದು ನಾಗಮಂಗಲದ ಕಡೆಯ ಒಂದು ಪಾಲಿಟೆಕ್ನಿಕ್‌ಗೆ. ಕಾರ್ಖಾನೆಯಲ್ಲಿ ಒಂದೇ ಅಳತೆಯ ಸಾವಿರ ಬಿಲ್ಲೆ ಹೊರಬರಬೇಕಾದರೆ, ಅದನ್ನು ಕತ್ತರಿಸುವ ಹತಾರ ಮೊದಲು ಹುಟ್ಟಬೇಕು. ಅದನ್ನು ಕಾಗದದ ಮೇಲೆ ಹುಟ್ಟಿಸುವ ವಿದ್ಯೆಯೇ ಟೂಲ್ ಡಿಸೈನ್. ಮೂವತ್ತೆಂಟು ಜನರ ತರಗತಿಯಲ್ಲಿ ಹುಡುಗಿ ಇವಳೊಬ್ಬಳೇ. ನಲವತ್ತು ಉಳಿ ಮುಗಿಸಿ, ಕೈಯ ಮಸಿಯನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು, ಏಳೂ ಹತ್ತರ ಬಸ್ಸಿಗೆ ಓಟ. ಪಾಂಡವಪುರದಲ್ಲಿ ಇಳಿದು ಇನ್ನೊಂದು ಬಸ್ಸು. ನಿಂತೇ ಪ್ರಯಾಣ, ಡ್ರಾಯಿಂಗ್ ಹಾಳೆಯ ಸುರುಳಿಯನ್ನು ಜನರ ತಲೆಯ ಮೇಲೆ ಎತ್ತಿ ಹಿಡಿದು. ಹಾಗೆ ಮೂರು ವರ್ಷ.

ಮೊದಲ ವಾರವೇ ತರಗತಿ ಅವಳನ್ನು ನೋಡಿ ನಕ್ಕಿತು. ಹತಾರವೊಂದರ ನಕ್ಷೆ ಬರೆಯಲು ಹೇಳಿದಾಗ ಅವಳು ಎದ್ದು ನಿಂತು, "ಸಾರ್, ಇದು ಯಾರ ಕೈಗೆ?" ಎಂದಿದ್ದಳು. ಅವಳ ಕುಲುಮೆಯಲ್ಲಿ ಎರಡು ಉಳಿ ಒಂದೇ ಥರ ಇರುವುದಿಲ್ಲ. ಎಡಗೈಯ ಕಲ್ಲುಕುಟಿಗ ಜವರಯ್ಯನಿಗೆ ಗಿಡ್ಡದು, ಎತ್ತರದ ದ್ಯಾವಯ್ಯನಿಗೆ ಉದ್ದದ್ದು. ಪಾಠ ಹೇಳುವ ನಾಗಾರ್ಜುನ ಮೇಷ್ಟ್ರು ನಗಲಿಲ್ಲವಂತೆ. "ಯಾರ ಕೈಗೂ ಅಲ್ಲಮ್ಮ. ಯಾರು ಹಿಡಿದರೂ ಒಂದೇ ಕೆಲಸ ಆಗಬೇಕು. ಅದಕ್ಕೇ ಈ ಓದು," ಎಂದರಂತೆ.

ಕೈಗೆ ಕೂತದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೊನೆಯ ವರ್ಷ ತಗಡಿನಿಂದ ಬಿಲ್ಲೆ ಕತ್ತರಿಸುವ ಪಂಚನ್ನು ಅವಳೇ ಬರೆದು, ಅವಳೇ ಮಾಡಬೇಕಿತ್ತು. ಹದ ಹಾಕುವ ದಿನ ಕರೆಂಟು ಹೋಗಿ, ಕಾಲೇಜಿನ ವಿದ್ಯುತ್ ಒಲೆ ಆರಿದ್ದರಿಂದ, ಕುಲುಮೆಯಲ್ಲೇ ಹದ ಹಾಕಿದಳು. ತಗಡು ಕತ್ತರಿಸುವ ಅಂಚು ಗಟ್ಟಿ ಇರಲು ಹುಲ್ಲಿನ ಬಣ್ಣಕ್ಕೇ ಅದ್ದಬೇಕಿತ್ತು; ಒಂಬತ್ತು ವರ್ಷದ ಅಭ್ಯಾಸಬಲದಿಂದ, ಬದನೆ ಹೂವಿನವರೆಗೂ ಕಾದಳು. ಪರೀಕ್ಷೆಯ ದಿನ ಇನ್ನೂರು ಬಿಲ್ಲೆ ಚೆನ್ನಾಗಿ ಬಿದ್ದವು. ಆಮೇಲಿನವುಗಳ ಅಂಚು ಗರಗಸದ ಹಲ್ಲಾಯಿತು. ಸಾವಿರ ಬೀಳಬೇಕಿತ್ತು, ಫೇಲು.

"ಮೇಷ್ಟ್ರು ಬೈಯ್ಯನಿಲ್ಲ. ಪಂಚ್ನ ಕೈಗೆ ಕೊಟ್ಟು, 'ಇದು ಕಲ್ಲು ಒಡೆಯೋಕೆ ಚೆನ್ನಾಗಿದೆ' ಅಂದ್ರು. ಬೈದಿದ್ರೇ ವಾಸಿಯಾಗಿತ್ತು," ಎನ್ನುತ್ತಾಳೆ.

ಮರುಪರೀಕ್ಷೆಗೆ ಹೊಸ ಪಂಚು ಮಾಡಿದಳು. ಸಾವಿರದ ಬಿಲ್ಲೆಯೂ ಮೊದಲನೆಯದರಂತೆಯೇ ಬಿತ್ತು. ಕಾರ್ಖಾನೆಯ ಪತ್ರ ಬಂತು. ಅದನ್ನು ಗಟ್ಟಿಯಾಗಿ ಓದಿದಾಗ ಚಿಕ್ಕಸ್ವಾಮಿ, "ಓಗವ್ವ, ಒಳ್ಳೇದಾಯ್ತದೆ," ಎಂದರು. ಎಲ್ಲರ ಮನಸ್ಸಿನಲ್ಲಿದ್ದುದನ್ನು ಆಡಿದ್ದು ಜವರಯ್ಯ. "ಏನ್ಲಾ ಚಿಕ್ಕಸಾಮಿ, ನಿನ್ ಮಗಳು ಒಂಟೋದ್ಮೇಲೆ ನನ್ ಉಳಿಗೆ ಬಣ್ಣ ಹಚ್ಚೋರು ಯಾರ್ಲಾ? ನಾನೂ ಪಟ್ಟಣಕ್ಕೆ ಓಗ್ಲಾ?"

ತಮಾಷೆಗೆ ಆಡಿದ್ದು. ಆದರೆ ರಮ್ಯ ಆ ರಾತ್ರಿ ನಿದ್ದೆ ಮಾಡಲಿಲ್ಲ. ಹೋಗುವುದಿಲ್ಲ ಎಂದು ಬರೆದುಬಿಡಲೇ ಎಂದುಕೊಂಡಳಂತೆ. ಪತ್ರ ಬರೆಯುವ ಬದಲು, ಪುಸ್ತಕದಲ್ಲಿ ಲೋಹಗಳು ಕರಗುವ ಕಾವಿನ ಪಟ್ಟಿ ತೆರೆದಳು. ಅಪ್ಪನಿಗೆ ಕಣ್ಣಿಲ್ಲ ನಿಜ, ಬೆರಳಿದೆಯಲ್ಲ? ಸರಿಯಾಗಿ ಬದನೆ ಹೂವು ಬರುವ ಕಾವಿಗೇ ಕರಗುವ ಕಡ್ಡಿಯೊಂದು ಇದ್ದರೆ!

ಗಂಜಾಂನಲ್ಲಿ ಮೀನು ಹಿಡಿಯುವವರ ಬಳಿ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕೇಳಿ ತಂದಳು. ಪಾಂಡವಪುರದ ಕಲಾಯಿಯವರಿಂದ ಒಂದಿಷ್ಟು ತವರ. ಎರಡನ್ನೂ ಬೆರೆಸಿ, ಬಿದಿರಿನ ಕೊಳವೆಯಲ್ಲಿ ಎರಕ ಹೊಯ್ದು ಕಡ್ಡಿ ಮಾಡಿದಳು. ಒಂದು ಬೇಗ ಕರಗಿತು, ಇನ್ನೊಂದು ಕರಗಲೇ ಇಲ್ಲ. ಹನ್ನೊಂದನೆಯದು, ಒಂಬತ್ತು ಪಾಲು ಸೀಸಕ್ಕೆ ಒಂದು ಪಾಲು ತವರದ್ದು, ಕೈಗೆ ಬಂತು. ಹದ ಏರುತ್ತಿರುವ ಉಳಿಯ ತುದಿಗೆ ಆ ಕಡ್ಡಿಯನ್ನು ಒತ್ತಿ ಎಳೆದರೆ ಮೊದಲು ಕರಕರ ಎನ್ನುತ್ತದೆ. ಹದ ಬಂದ ಗಳಿಗೆ ಬೆಣ್ಣೆಯಂತೆ ಜಾರುತ್ತದೆ.

ನಿನ್ನೆ ಕಡ್ಡಿಯಿಂದ ಹದ ಹಾಕಿದ ಹತ್ತು ಉಳಿಗಳಲ್ಲಿ ಮೂರು ಸಿಡಿದವು. ಕೈ ಇನ್ನೂ ಪಳಗಬೇಕು.

ಇಂದು ಮೂವತ್ತೊಂಬತ್ತು ಉಳಿ ಮುಗಿದಿವೆ. ಕೊನೆಯದು ಜವರಯ್ಯನದು; ಅವನು ಚಪ್ಪರದ ಕಂಬಕ್ಕೆ ಒರಗಿ ಬೀಡಿ ಹಚ್ಚದೆ ಕಾಯುತ್ತಿದ್ದಾನೆ. ಚಿಕ್ಕಸ್ವಾಮಿ ತುದಿಯನ್ನು ನೀರಿಗೆ ಅದ್ದಿ, ಉಜ್ಜಿ, ಇಕ್ಕುಳವನ್ನು ಈ ಸಲ ಮಗಳ ಕಡೆ ಹಿಡಿಯುವುದಿಲ್ಲ. ಎಡಗೈಯಲ್ಲಿ ಕಡ್ಡಿ ಎತ್ತಿಕೊಳ್ಳುತ್ತಾರೆ. ಕರಕರ. ಕರಕರ. ಹುಲ್ಲು ಬರುತ್ತದೆ, ಬೆಲ್ಲ ಬರುತ್ತದೆ. ರಮ್ಯಳ ತುಟಿ ತೆರೆಯುತ್ತದೆ. ಸೆರಗಿನಲ್ಲಿ ಬಾಯಿ ಒತ್ತಿ ಹಿಡಿಯುತ್ತಾಳೆ.

ಕಡ್ಡಿ ಜಾರುತ್ತದೆ. ಚುಂಯ್!

ಜವರಯ್ಯ ಉಳಿಯನ್ನು ಒಯ್ದು ಬಂಡೆಯ ಮೇಲೆ ಇಪ್ಪತ್ತು ಏಟು ಹಾಕಿ, ಹೆಬ್ಬೆರಳಿನಿಂದ ತುದಿ ಸವರಿ ನೋಡುತ್ತಾನೆ. "ನಿಂತದೆ ಕಣ್ಲಾ," ಎಂದಷ್ಟೇ ಹೇಳಿ ಬೀಡಿ ಹಚ್ಚುತ್ತಾನೆ. ಚಿಕ್ಕಸ್ವಾಮಿ ಕಡ್ಡಿಯನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಕಾಲೇಜಿನಲ್ಲಿ ಬರೆದ ಹತಾರಗಳ ನಕ್ಷೆ ಎಷ್ಟೋ ಇವೆ. ಯಾರ ಕೈಗೂ ಅಲ್ಲದವು. ಈ ಕಡ್ಡಿಯೊಂದೇ ಒಬ್ಬರ ಕೈಗೆಂದು ಮಾಡಿದ್ದು. ಅದರ ಬಗ್ಗೆ ಕೇಳಿದರೆ ರಮ್ಯ ಕೆಂಡಕ್ಕೆ ಬೂದಿ ಮುಚ್ಚುತ್ತ, ತಲೆ ಎತ್ತದೆ ಹೇಳುತ್ತಾಳೆ:

"ಒಂಬತ್ತು ವರ್ಷ ಕೂಗಿದ್ದು ಕಷ್ಟ ಆಗ್ನಿಲ್ಲ. ಇವತ್ತು ಬದನೆ ಹೂವು ಕಣ್ಮುಂದೆ ಬಂದ್ರೂ ಕೂಗ್ದೆ ನಿಂತಿದ್ನಲ್ಲ, ಅದು ಕಷ್ಟ ಆಯ್ತು. ನಿಂತೆ."