ಮಗ್ಗ ನಿಂತ ಒಂದು ಗಂಟೆ

ಮೊಳಕಾಲ್ಮುರಿನ ನಮ್ಮ ಕೇರಿಯಲ್ಲಿ ಹಬ್ಬವಲ್ಲದ ದಿನ ಹಾಡುಹಗಲೇ ಮಗ್ಗದ ಸದ್ದು ನಿಂತರೆ, ಆ ಮನೆಯಲ್ಲಿ ಯಾರೋ ತೀರಿಕೊಂಡರೆಂದೇ ಅರ್ಥ. ಪಕ್ಕದ ಮನೆ ಪ್ರೇಮಲತಾಳ ವಿಷಯದಲ್ಲಿ ನಾನೂ ಹಾಗೇ ಅಂದುಕೊಂಡೆ.

ಬೇರೆ ಬಣ್ಣದ ಅಂಚಿರುವ ರೇಷ್ಮೆ ಸೀರೆ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಗಂಡ ಮುರುಗೇಶ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ. ಇವಳು ಪಕ್ಕದಲ್ಲಿ ಕೂತು ಅಂಚಿನ ಲಾಳಿಯನ್ನು ವಾಪಸು ಕೊಡಬೇಕು. ಇವಳೆದ್ದರೆ ಅವನ ಕೈ ಕಟ್ಟಿದ ಹಾಗೆ. ಅತ್ತೆಗೆ ಕಣ್ಣಿನ ಪೊರೆ. ಮಗಳನ್ನು ಕೂರಿಸೋಣವೆಂದರೆ, ನನ್ನ ಪಾಡು ಅವಳಿಗೆ ಬೇಡವೆಂದು ಇವಳದೇ ಹಟ. ಹದಿನೆಂಟು ವರ್ಷದಿಂದ ಅದೇ ಮಣೆ, ಎದುರಿಗೆ ಅದೇ ಗೋಡೆ. ಗಾಣದ ಎತ್ತಿಗಾದರೂ ನೊಗ ಬಿಚ್ಚುವ ಹೊತ್ತು ಅಂತ ಒಂದಿರುತ್ತದೆ.

ಹಸಿವಾದಾಗಲೆಲ್ಲ ಟೀ ಕುಡಿದಳು. ಕೂತಲ್ಲಿಗೇ ಬರುತ್ತಿದ್ದದ್ದು ಅದೊಂದೇ. ಊಟವೆಂದರೆ ಎಲ್ಲರದ್ದೂ ಮುಗಿದ ಮೇಲೆ ಒಲೆಯ ಮುಂದೆ ನಿಂತೇ ನಾಲ್ಕು ತುತ್ತು. ಬರಬರುತ್ತಾ ಕೊಡ ಎತ್ತಿದರೆ ಏದುಸಿರು ಬರತೊಡಗಿತು, ಒಂದು ಎಳೆ ಎರಡಾಗಿ ಕಾಣತೊಡಗಿತು. ಒಮ್ಮೆ ಮಗ್ಗದ ಮೇಲೇ ತಲೆ ತಿರುಗಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಏಳೇ ಇದೆಯೆಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಎರಡು ತಿಂಗಳು ತಪ್ಪದೆ ನುಂಗಿದಳು. ಮತ್ತೆ ನೋಡಿದರೆ ಆಗಲೂ ಏಳೇ.

ಆ ಸಲ ನಾನೂ ಜೊತೆಗೆ ಹೋಗಿದ್ದೆ. ನರ್ಸ್ ರೇಣುಕಮ್ಮ ಯಾವುದರ ಜೊತೆ ನುಂಗುತ್ತೀಯ ಎಂದು ಕೇಳಿದರು. ಟೀ ಜೊತೆ ಎಂದಳು. ಟೀ ಕುಡಿದರೆ ಆ ಮಾತ್ರೆ ಮೈಗೆ ಹತ್ತುವುದಿಲ್ಲವಂತೆ. ಅವರು ತಲೆ ಚಚ್ಚಿಕೊಂಡು ಬಿಡಿಸಿ ಹೇಳಿದರು:

"ನಿಂಬೆಹಣ್ಣಿನ ನೀರಲ್ಲಿ ತಗಾ. ಸೊಪ್ಪು, ಹುರುಳಿಕಾಳು ಹಾಕ್ಕೊಂಡು ಕೂತು ಉಣ್ಣು. ಉಂಡು ಒಂದು ಗಂಟೆ ಟೀ ಮುಟ್ಟಬ್ಯಾಡ. ಇನ್ನೂ ಇಳಿದ್ರೆ ಬಾಟ್ಲಿ ರಕ್ತ ಹಾಕಬೇಕಾಗ್ತೈತೆ."

"ಮಗ್ಗ ನಿಲ್ಸಿ ಕೂತು ಉಣ್ಣೋಕೆ ಒಂದು ಗಂಟೆ ಎಲ್ಲಿಂದ ತರ್ಲಿ ಅಕ್ಕಾ?" ಎಂದಳು ಪ್ರೇಮಲತಾ.

ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಮಾರನೇ ದಿನ ಎಂದಿನಂತೆ ಬೆಳಗಿನಿಂದಲೇ ಮಗ್ಗ ಸದ್ದು ಮಾಡುತ್ತಿತ್ತು. ಇವಳಿನ್ನು ಉಳಿಯುವವಳಲ್ಲ ಅಂದುಕೊಂಡೆ.

ಮಧ್ಯಾಹ್ನ ಒಂದು ಗಂಟೆಗೆ ಸದ್ದು ನಿಂತಿತು.

ಹಿಟ್ಟಿನ ಕೈಯಲ್ಲೇ ಓಡಿದೆ. ನನ್ನ ಹಿಂದೆ ಎದುರು ಮನೆಯ ಕೊಟ್ಟೂರಪ್ಪನೂ ಟವೆಲು ಹೆಗಲಿಗೆ ಹಾಕಿಕೊಂಡು ಬಂದ. ಒಳಗೆ ಮುರುಗೇಶ ಮುಖ ಊದಿಸಿಕೊಂಡು ಗುಂಡಿಯಲ್ಲೇ ಕೂತಿದ್ದ. ಗೋಡೆಗೊರಗಿ ಪ್ರೇಮಲತಾ ಕೂತಿದ್ದಳು. ಮುಂದೆ ತಟ್ಟೆ, ಮುದ್ದೆ, ಸೊಪ್ಪಿನ ಸಾರು.

ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಗಿರಬೇಕು.

"ಯಾರೂ ಸತ್ತಿಲ್ಲ ಜಯಕ್ಕ. ಉಣ್ತಾ ಇದೀನಿ."

ಹದಿನೆಂಟು ವರ್ಷ ಅವಳ ಪಕ್ಕದ ಮನೆಯಲ್ಲಿದ್ದೂ ಅವಳು ಕೂತು ಉಣ್ಣುವುದನ್ನು ನಾನು ನೋಡಿದ್ದು ಅವತ್ತೇ. ನಾಚಿಕೆಯಾಗಿ ಮನೆಗೆ ಬಂದೆ. ಎರಡು ಗಂಟೆಗೆ ಸರಿಯಾಗಿ ಮಗ್ಗದ ಸದ್ದು ಮತ್ತೆ ಶುರುವಾಯಿತು.