ನಲ್ಲಿಕಟ್ಟೆಯ ಮೇಲೆ ಬಂಗುಡೆ ಮುಳ್ಳು

ಮಂಗಳೂರಿನಲ್ಲಿ ನಾನು ಬೆಳೆದ ಮನೆ ಬಂದರಿನ ಹಿಂದಿನ ಓಣಿಯಲ್ಲಿತ್ತು. ಕಾನ್ವೆಂಟು, ಪೇಟೆ, ಬಸ್ ನಿಲ್ದಾಣ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಒಣಮೀನಿನ ಗೋದಾಮು ಇನ್ನೂ ಹತ್ತಿರ. ಪೇಟೆಯ ನಡುವೆ ಇಷ್ಟು ಕಡಿಮೆ ಬಾಡಿಗೆಗೆ ಮನೆ ಸಿಕ್ಕಿದ್ದು ಆ ವಾಸನೆಯ ಪುಣ್ಯದಿಂದ ಎಂದು ಅಪ್ಪ ನಗುತ್ತಿದ್ದರು. ಬೆಳಿಗ್ಗೆ ಅಮ್ಮ ನನ್ನ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದುದು ಅಂದಕ್ಕಾಗಿ ಅಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಎಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗಲೂ ಸಿಕ್ಕಿದ್ದು ಅಂಥದೇ ನಡುಪೇಟೆಯ ಅಗ್ಗದ ಮನೆ. ವಠಾರದ ಐದು ಮನೆಗಳಲ್ಲಿ ಒಂದು, ಒಂದೂವರೆ ಕೋಣೆ, ಎಲ್ಲರಿಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ಇಲ್ಲಿ ವಾಸನೆ ಇರಲಿಲ್ಲ, ಷರತ್ತು ಇತ್ತು.

“ಬ್ರಾಹ್ಮಣರು ತಾನೆ?” ಎಂದು ಓನರ್ ಆಂಟಿ ಕೇಳಿದ್ದರು.

“ಹೌದು” ಎಂದರು ನನ್ನ ಗಂಡ.

ಅದು ಸುಳ್ಳಲ್ಲ. ಕರಾವಳಿಯ ನಮ್ಮ ಜನ ಬ್ರಾಹ್ಮಣರೂ ಹೌದು, ಮೀನು ತಿನ್ನುವವರೂ ಹೌದು. ಎರಡನೆಯದನ್ನು ಅವರು ಕೇಳಲಿಲ್ಲ.

ವಠಾರದಲ್ಲಿ ದೊಡ್ಡದು ಮೂಲೆಯ ಮನೆ, ರಸ್ತೆಯ ಕಡೆ ಕಿಟಕಿಯಿದ್ದದ್ದು. ಅಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಇದ್ದರು. ಅವರ ಗಂಡನಿಗೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ, ಸೈಕಲ್ಲಿನಲ್ಲಿ ಹತ್ತು ನಿಮಿಷ. ಇಬ್ಬರು ಹೆಣ್ಣುಮಕ್ಕಳ ಸ್ಕೂಲು ಎದುರು ರಸ್ತೆಯಲ್ಲೇ. ವಠಾರದಲ್ಲಿ ಮಾಂಸ ತಿನ್ನುವ ಜಾತಿಯವರು ಅವರೊಬ್ಬರೇ. ಮನೆಯಲ್ಲಿ ಮೊಟ್ಟೆಯನ್ನೂ ಒಡೆಯುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟು ಬಂದವರು. ಬಾಡಿನ ಆಸೆಯಾದರೆ ಹೊಸಹಳ್ಳಿಯ ತವರಿಗೆ ಹೋಗಿ, ಉಂಡು, ಅಲ್ಲೇ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದರು. ಮನೆ ಹೋದರೆ ಗಂಡನ ಸೈಕಲ್ಲು, ಮಕ್ಕಳ ಸ್ಕೂಲು ಎರಡೂ ಹೋಗುತ್ತವೆ ಎಂದು ಅವರಿಗೆ ಗೊತ್ತಿತ್ತು.

ನಾನು ಐದು ತಿಂಗಳ ಬಸುರಿಯಾದಾಗ ನನ್ನ ಕೊಡಗಳನ್ನು ನಲ್ಲಿಯಿಂದ ಹೊತ್ತು ತಂದಿಡುತ್ತಿದ್ದವರು ಅವರೇ. “ನೀನು ಬಗ್ಗಬ್ಯಾಡ ತಾಯಿ, ಮಗೀಗೆ ತಲೆ ತಿರುಗ್ತದೆ” ಎನ್ನುತ್ತಿದ್ದರು. ನನ್ನ ಬ್ಲೌಸುಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದವರೂ ಅವರೇ.

ಆಗ ನನಗೆ ತುತ್ತು ಇಳಿಯುತ್ತಿರಲಿಲ್ಲ. ಊರಿನಿಂದ ಬಂದ ಚಿಕ್ಕಪ್ಪನ ಕೈಯಲ್ಲಿ ಅಮ್ಮ ಬಿಸ್ಕತ್ತಿನ ಡಬ್ಬಿ ಕಳಿಸಿದರು. ಮೇಲೆ ಹಲಸಿನ ಹಪ್ಪಳ, ಕೆಳಗೆ ಕಾಗದ, ಅದರ ಕೆಳಗೆ ನಾಲ್ಕು ಒಣ ಬಂಗುಡೆ ಮೀನು.

ಶುಕ್ರವಾರಕ್ಕೆ ಕಾದೆ. ಶುಕ್ರವಾರ ವಠಾರದ ಹೆಂಗಸರೆಲ್ಲ ಎಣ್ಣೆನೀರು ಹಾಕಿಕೊಂಡು, ಹಂಡೆ ಒಲೆಯ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಬುಟ್ಟಿ ಬೋರಲು ಹಾಕಿ ಕೂದಲು ಒಣಗಿಸುವ ದಿನ. ನಾನೂ ಕೆಂಡ ತಂದೆ, ಬಾಗಿಲು ಹಾಕಿದೆ, ಬುಟ್ಟಿಯ ಕೆಳಗಿನ ಕೆಂಡದ ಮೇಲೆ ಒಂದು ಬಂಗುಡೆ ಇಟ್ಟೆ. ಸಾಂಬ್ರಾಣಿ ಮೂರು ಹಿಡಿ. ಗಂಜಿಯ ಜೊತೆ ಬೆರಳು ಚೀಪಿ ತಿಂದೆ. ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬಿತು. ಮುಳ್ಳನ್ನು ಬಾಗಿಲ ಹೊರಗಿನ ಬೂದಿಯ ಡಬ್ಬದಲ್ಲಿ ಹೂತಿಟ್ಟೆ.

ಮಧ್ಯಾಹ್ನ ಬ್ಲೌಸ್ ಕೊಡಲು ಬಂದ ಅಕ್ಕ ಹೊಸ್ತಿಲಲ್ಲೇ ನಿಂತು ಮೂಗೆಳೆದರು. “ಏನವ್ವ ಇದು, ಇಷ್ಟೊಂದು ಸಾಂಬ್ರಾಣಿ? ಗುಡಿ ಆಗೋಗೈತೆ ಮನೆ!” ನಕ್ಕು ಹೋದರು.

ಬೂದಿ ಕೆದಕಿದ್ದು ಕಾಗೆ. ಶನಿವಾರ ಬೆಳಿಗ್ಗೆ ನಲ್ಲಿಕಟ್ಟೆಯ ಮೇಲೆ, ಅಕ್ಕನ ಬಾಗಿಲಿಗೆ ಎರಡು ಮೊಳ ದೂರದಲ್ಲಿ, ಬಂಗುಡೆಯ ಬೆನ್ನಮುಳ್ಳು ಬಾಚಣಿಗೆಯ ಹಾಗೆ ಬಿದ್ದಿತ್ತು.

“ಏನಿದು? ನನ್ನ ಅಂಗಳದಲ್ಲಿ ಏನಿದು ಅಂತ!” ಓನರ್ ಆಂಟಿ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದರು.

“ಕಾಗೆ ಎಲ್ಲಿಂದಾನೋ ತಂದಾಕೈತೆ ಅಮ್ಮಾವ್ರೇ” ಎಂದರು ಅಕ್ಕ.

“ಕಾಗೆಗೆ ನಿನ್ನ ಬಾಗಿಲೇ ಕಾಣ್ತೇನೇ? ನೆಂಟಸ್ತಿಕೆಯೋ?”

ಎದುರು ಮನೆಯ ಗುಮಾಸ್ತರ ಹೆಂಡತಿ ಕೊಡ ಇಳಿಸಿ, “ನಿನ್ನೆ ನಂಗೂ ಒಂಥರಾ ವಾಸ್ನೆ ಬಂತು ಕಣ್ರೀ. ಪಾಪ, ಚರಂಡಿ ಕಟ್ಕೊಂಡಿದೆ ಅಂತ ಸುಮ್ನಾದೆ” ಎಂದರು.

“ನನ್ ಮಕ್ಳಾಣೆ, ನಾನು ಮಾಡಿಲ್ಲ. ಇದು ಮೀನಿಂದೋ ಇನ್ಯಾತರದೋ ಯಾರಿಗ್ಗೊತ್ತು?”

“ಯಾರಿಗೆ ಗೊತ್ತು ಅಂತ ನಾನು ತೋರಿಸ್ತೀನಿ.” ಆಂಟಿ ನನ್ನ ಕಡೆ ತಿರುಗಿದರು. ದನಿ ಮೆತ್ತಗಾಯಿತು. “ನೀವು ಮಂಗಳೂರಿನ ಕಡೆಯೋರು, ನೋಡಿರ್ತೀರ. ಕಾನ್ವೆಂಟಲ್ಲಿ ಓದಿದ ಹುಡುಗಿ, ಸುಳ್ಳು ಹೇಳಲ್ಲ. ಇದು ಮೀನಿನ ಮುಳ್ಳಾ?”

ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಎರಡು ನಿಯಮ: ಉತ್ತರ ಪೂರ್ಣ ವಾಕ್ಯದಲ್ಲಿರಬೇಕು, ಕೇಳಿದ್ದಕ್ಕಷ್ಟೇ ಉತ್ತರಿಸಬೇಕು.

“ಅದು ಮೀನಿನ ಮುಳ್ಳು, ಆಂಟಿ” ಎಂದೆ.

ಅಕ್ಕ ನನ್ನನ್ನು ನೋಡಿದರು. ಮುಖವನ್ನಲ್ಲ, ಇನ್ನೂ ಸಾಂಬ್ರಾಣಿಯ ಘಮ ಬಿಡದ ನನ್ನ ಕೂದಲನ್ನು. ನಲ್ಲಿಯ ಕೆಳಗಿದ್ದ ಕೊಡ ತುಂಬಿ ಹರಿಯುತ್ತಿತ್ತು. ಅದು ನನ್ನದು.

ತಿಂಗಳ ಕೊನೆಗೆ ಅಕ್ಕ ಮನೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಪೇಪರ್ ಮಡಚಿ, “ಮುಳ್ಳು ನಿಂದಾ ಅಂತ ಯಾರಾದ್ರೂ ಕೇಳಿದ್ರಾ?” ಎಂದರು.

“ಇಲ್ಲ.”

“ಮತ್ತೆ?” ಪೇಪರ್ ಬಿಡಿಸಿದರು.

ಆ ಮೂರು ವಾರ ಅಕ್ಕನ ಸರದಿ ನಲ್ಲಿಯಲ್ಲಿ ಕೊನೆಗೆ ಹೋಯಿತು. ಅವರು ನೀರು ಹಿಡಿದ ಮೇಲೆ ಗುಮಾಸ್ತರ ಹೆಂಡತಿ ನಲ್ಲಿಯ ಮೂತಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಬ್ಲೌಸ್ ಕೊಟ್ಟವರು ಹೊಲಿಯದ ಬಟ್ಟೆಯನ್ನೇ ವಾಪಸು ಕೇಳಿದರು. ಚಿಕ್ಕ ಮಗಳನ್ನು ಕುಂಟೆಬಿಲ್ಲೆಗೆ ಸೇರಿಸದೆ, “ಮೀನಿ, ಮೀನಿ” ಎಂದು ವಠಾರದ ಮಕ್ಕಳು ಹಾಡಿದರು. ನಾನು ಆ ಹೊತ್ತಿಗೆ ಅಕ್ಕಿ ಆರಿಸುತ್ತಿದ್ದೆ. ಮಕ್ಕಳನ್ನು ಗದರಲಿಲ್ಲ. ಅಕ್ಕ ನನ್ನ ಕೊಡಗಳನ್ನು ತಂದಿಡುವುದನ್ನು ಮಾತ್ರ ನಿಲ್ಲಿಸಿರಲಿಲ್ಲ, ನಾನೂ ಬೇಡ ಎನ್ನಲಿಲ್ಲ.

ಅವರಿಗೆ ಮನೆ ಸಿಕ್ಕಿದ್ದು ಕೆಂಗೇರಿ ಉಪನಗರದಲ್ಲಿ. ಗಂಡನಿಗೆ ಎರಡು ಬಸ್ಸು. ಮಕ್ಕಳಿಗೆ ವರ್ಷದ ನಡುವೆ ಬೇರೆ ಸ್ಕೂಲು. ಹೊರಡುವ ದಿನ ಅಕ್ಕ ನನ್ನ ಕೊನೆಯ ಬ್ಲೌಸ್ ತಂದುಕೊಟ್ಟರು.

“ಎರಡು ಹೊಲಿಗೆ ಬಿಟ್ಟಿವ್ನಿ. ಏಳನೇ ತಿಂಗ್ಳಿಗೆ ಬಿಚ್ಕೊ.” ಆಮೇಲೆ ಹೊಲಿಗೆಯ ವಿಷಯ ಹೇಳಿದಷ್ಟೇ ಸರಾಗವಾಗಿ, “ನಮ್ ಕಡೆ ತಿನ್ನಾದು ಕೆರೆ ಮೀನು ಕಣವ್ವ. ಅದರ ಮುಳ್ಳು ಬೇರೆ ಥರ ಇರ್ತದೆ” ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ನಾನು ಬ್ಲೌಸ್ ಮಡಚಿಟ್ಟುಕೊಂಡೆ.

ಮೂಲೆಯ ಮನೆಯನ್ನು ಆಂಟಿ ನಮಗೇ ಕೊಟ್ಟರು. “ನಂಬಿಕಸ್ತರಿಗೆ ಕೊಟ್ಟರೆ ನೆಮ್ಮದಿ” ಎಂದರು. ಗಂಜಲ ಚಿಮುಕಿಸಿ ತೊಳೆಸಿದರು. ನಾವು ಪಾತ್ರೆ, ಹಾಸಿಗೆ, ಟ್ರಂಕು ತಂದಿಟ್ಟೆವು. ಸಾಗಿಸುವಾಗ ಚಿಲಕ ಸಡಿಲಾಗಿ ಟ್ರಂಕಿನ ಮುಚ್ಚಳ ಸ್ವಲ್ಪ ತೆರೆದುಕೊಂಡಿತ್ತು. ಅದರ ತಳದಲ್ಲಿ ಬಿಸ್ಕತ್ತಿನ ಡಬ್ಬಿ, ಅದರಲ್ಲಿ ಇನ್ನೂ ಮೂರು ಬಂಗುಡೆ.

ಆಂಟಿ ಸಾಂಬ್ರಾಣಿಯ ಹೊಗೆ ಹಿಡಿದುಕೊಂಡು ಒಳಗೆ ಬಂದರು. ಮೂಲೆ ಮೂಲೆಗೆ ಹೊಗೆ ತೋರಿಸಿ, ಕಿಟಕಿಯ ಹತ್ತಿರ ನಿಂತು, ಮೂಗಿಗೆ ಸೆರಗು ಒತ್ತಿಕೊಂಡರು.

“ಎಷ್ಟು ತೊಳೆದರೂ ಹೋಗಿಲ್ಲ ನೋಡಿ ಆ ಜನದ ನಾತ. ಗೋಡೆಗೇ ಹತ್ತಿಬಿಟ್ಟಿದೆ. ನಿಮಗೂ ಮೀನಿನ ವಾಸ್ನೆ ಬರ್ತಾ ಇದೆಯಲ್ವಾ?”

ನಾನು ಟ್ರಂಕಿನ ಮುಚ್ಚಳ ಒತ್ತಿ, ಅದರ ಮೇಲೆ ಕುಳಿತುಕೊಂಡೆ.

“ಮೀನಿನ ವಾಸನೆ ಬರ್ತಾ ಇದೆ, ಆಂಟಿ” ಎಂದೆ.