ತಮಟೆ ನಿಂತ ಮೇಲಿನ ಆಟ

ನಮ್ಮೂರಿನ ಕಬಡ್ಡಿ ಪಂದ್ಯಗಳ ದಾಖಲೆ ಪುಸ್ತಕ ಬರೆಯುವ ಕೆಲಸ ನನಗೆ ಸಿಕ್ಕಿದ್ದು, ನನಗೆ ಕಬಡ್ಡಿ ಆಡಲು ಬಾರದು ಎಂಬ ಕಾರಣಕ್ಕೆ. ದಿನಚರಿ ಬರೆಯುವ ಚಟವಿದೆ, ಗೆರೆಯನ್ನು ನೇರವಾಗಿ ಎಳೆಯುತ್ತೇನೆ; ಅಷ್ಟು ಸಾಕಾಯಿತು. ವರ್ತೂರು ಕೆರೆಯ ಈಚೆಗೆ, ಮೂರು ಕಡೆ ಅಪಾರ್ಟ್‌ಮೆಂಟ್ ಎದ್ದಿರುವ ಸಣ್ಣ ಊರು ನಮ್ಮದು. ನಾನು ಓದಿದ್ದೆಲ್ಲ ಅತ್ತಿಬೆಲೆಯ ಸೋದರಮಾವನ ಮನೆಯಲ್ಲಿ. ಊರಿಗೆ ಮರಳಿ ಒಂದೇ ವರ್ಷ. ಆದರೂ ಊರಿನ ಕಬಡ್ಡಿ, ಊರಿನ ತಮಟೆ ಎಂದು ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಕೊಚ್ಚಿಕೊಳ್ಳುವುದನ್ನು ಬೇಗ ಕಲಿತೆ. ಪುಸ್ತಕವೇ ಸಾಕ್ಷಿಯಾಗಿತ್ತು: 'ಗೆಲುವು' ಪುಟಗಟ್ಟಲೆ, 'ಸೋಲು' ಒಂದೂ ಇಲ್ಲ.

ಆಡಿದವರ ಪಟ್ಟಿಯಲ್ಲಿ ಒಮ್ಮೆ ನನ್ನ ಹೆಸರನ್ನೂ ಬರೆಯಬೇಕೆಂಬುದು ನನ್ನ ಆಸೆ. ಬದಲಿ ಆಟಗಾರನಾಗಿ ಕೂತ ಪಂದ್ಯ ಐದು; ಐದನ್ನೂ ಗೆದ್ದಿದ್ದೆವು. ಅಂಕಣದಲ್ಲಿದ್ದ ನಿಮಿಷ ಸೊನ್ನೆ.

ಆರನೆಯದು ಒಂದು ಭಾನುವಾರ, ಊರ ಹಿಂದಿನ ಬಾಡಿಗೆ ರೂಮುಗಳ ಉತ್ತರ ಕರ್ನಾಟಕದ ಹುಡುಗರ ಮೇಲೆ. ದಿನವಿಡೀ ಸಿಮೆಂಟು ಹೊರುವ ತೋಳುಗಳು. ನಾವು ಎರಡು ಅಂಕ ಹಿಂದಿದ್ದಾಗ ನಮ್ಮವನೊಬ್ಬನ ಕಾಲು ಉಳುಕಿತು.

"ಗುರು, ಬರ್ದಿದ್ದು ಸಾಕು, ಇಳಿ," ಎಂದ ಕ್ಯಾಪ್ಟನ್. "ಗೆರೆ ಮುಟ್ಟಿ ಓಡ್ಬಂದ್ಬಿಡು. ಬೇರೇನೂ ಮಾಡ್ಬೇಡ."

ಅಂಕಣದ ಪಕ್ಕ ನಮ್ಮೂರ ಮೇಳ ಬಾರಿಸುತ್ತಿದ್ದ ತಮಟೆಯ ಏಟಿಗೆ ನನ್ನ ಎದೆಯೂ ಉಬ್ಬಿತು. ಕಬಡ್ಡಿ ಕಬಡ್ಡಿ ಎಂದು ನುಗ್ಗುವಾಗಲೂ ಎಷ್ಟು ಸಲ ಅಂದೆನೆಂದು ಎಣಿಸುತ್ತಿದ್ದೆ. ಹನ್ನೊಂದಕ್ಕೆ ಯಾರೋ ಪಾದ ಹಿಡಿದರು. ನಾನು ಮಣ್ಣಿಗೆ ಬಿದ್ದ ಕ್ಷಣವೇ ತಮಟೆ ನಿಂತಿತು. ನನಗಾಗಿ ಮರುಗಿ ನಿಲ್ಲಿಸಿದರು ಎಂದುಕೊಂಡೆ.

ನನ್ನ ಬೆನ್ನ ಮೇಲೆ ಕೂತಿದ್ದವನಿಗೇ ಬೇಜಾರಾಯಿತು. "ಯಾಕ್ರೀ ಬಾರ್ಸೂದು ಬಿಟ್ರಿ? ಛಲೋ ಇತ್ತಲ್ರೀ!"

ಒಂಬತ್ತು ಅಂಕಗಳಿಂದ ಸೋತೆವು. ಸಂಜೆ ಭಜನೆ ಮನೆಯ ಜಗಲಿಯಲ್ಲಿ ಹೊಸ ಪುಟ ತೆಗೆದು, ಮೊದಲು ನನ್ನ ಹೆಸರು, ಆಮೇಲೆ ಸೋಲನ್ನು ಬರೆದೆ. ತಮಟೆ ಮೇಳದ ಹಿರಿಯ, ನಾವೆಲ್ಲ ತಾತ ಎನ್ನುವವರು, ಬಗ್ಗಿ ನೋಡಿದರು.

"ಏನ್ಲಾ ಇದು?"

"ಸೋತ್ವಲ್ಲ ತಾತ."

"ತಮಟೆ ನಿಂತ್ಮೇಲೆ ಅದು ಆಟ ಎಂಗಾಯ್ತದ್ಲಾ? ಸುಮ್ಕೆ ಮಣ್ಣಲ್ಲಿ ಒಳ್ಳಾಡಿದ್ದು. ಅಂಗೆಲ್ಲ ಬರೀಬಾರ್ದು."

ಕ್ಯಾಪ್ಟನ್ ಗಂಭೀರವಾಗಿ ತಲೆಯಾಡಿಸಿದ. ಪಂದ್ಯ ಕೈತಪ್ಪುವ ಹಾಗಾದರೆ ತಮಟೆ ನಿಲ್ಲುತ್ತದೆ. ತಮಟೆಯಿಲ್ಲದ ಪಂದ್ಯ ಪುಸ್ತಕಕ್ಕೆ ಹೋಗುವುದಿಲ್ಲ. ಊರಿನ ಈ ಪದ್ಧತಿ ಎಲ್ಲರಿಗೂ ಗೊತ್ತಿತ್ತು, ಪುಸ್ತಕ ಬರೆಯುವವನೊಬ್ಬನನ್ನು ಬಿಟ್ಟು.

"ಹಂಗಾದ್ರೆ ನಾನು ಆಡೇ ಇಲ್ವಾ?"

"ಆಡ್ಲಿಲ್ಲ ಅಂತ ಯಾರಂದೋರು? ನಾನೇ ನೋಡ್ದೆನಲ್ಲ," ಎಂದರು ತಾತ.

ನಮ್ಮೂರಿನ ಇತಿಹಾಸದಲ್ಲೇ ಸೋಲಿಗಾಗಿ ಗೋಗರೆದವನು ಬಹುಶಃ ನಾನೊಬ್ಬನೇ. "ಒಂದೇ ಒಂದು, ತಾತ. ಮೂಲೇಲಿ ಸಣ್ಣಕ್ಷರದಲ್ಲಿ ಬರೀತೀನಿ."

"ಮಗಾ," ಎಂದ ಕ್ಯಾಪ್ಟನ್, "ನಿನ್ನೊಬ್ಬನ ಹೆಸ್ರಿಗೋಸ್ಕರ ಊರಿನ ಹೆಸ್ರು ಕೆಡಿಸ್ತೀಯಾ?"

ನಿಜ ಹೇಳಬೇಕೆಂದರೆ, ಕೆಡಿಸುವ ಮನಸ್ಸೇ ಇತ್ತು. ಆದರೆ ಇಬ್ಬರೂ ಕಾಯುತ್ತ ನಿಂತಿದ್ದರು. ಅಡಿಪಟ್ಟಿಯನ್ನು ಹೊಲಿಗೆಯ ಅಂಚಿಗಿಟ್ಟು ಪುಟವನ್ನು ನಾನೇ ಹರಿದೆ.

"ಎಷ್ಟ್ ನೀಟಾಗಿ ಹರಿದ ನೋಡು!" ಎಂದರು ತಾತ ಕ್ಯಾಪ್ಟನ್‌ಗೆ.

ಆ ದಿನ ನನಗೆ ಸಿಕ್ಕ ಹೊಗಳಿಕೆ ಅದೊಂದೇ.